ಮಿಯಾಟಾದ ನಾಲ್ಕು ತಲೆಮಾರುಗಳು: ಎರಡನೆಯದನ್ನೇ ನಾನು ಏಕೆ ಕೊಂಡೆ

ಮಜ್ದಾ ಎಂಎಕ್ಸ್-5 ತನ್ನ ಆತ್ಮವನ್ನು ಕಳೆದುಕೊಂಡಿತೆಂಬ ದೂರು ಮೊದಲು ಬಂದದ್ದು ಅದರ ಎರಡನೆಯ ತಲೆಮಾರಿನ ಮೇಲೆ. ಮಿಯಾಟಾ ಎಂದೇ ಹಲವರು ಕರೆಯುವ, ಚಾವಣಿ ಇಳಿಸಿ ಓಡಿಸುವ ಈ ಪುಟ್ಟ ಜಪಾನಿ ಸ್ಪೋರ್ಟ್ಸ್ ಕಾರಿನ ನಾಲ್ಕೂ ತಲೆಮಾರುಗಳನ್ನು ಓಡಿಸಿ ನೋಡಿದ ಮೇಲೆ ನಾನು ಕೊಂಡದ್ದು ಆ ಎರಡನೆಯದನ್ನೇ, ಮತ್ತು ಆ ಆಯ್ಕೆ ನನ್ನ ಪಾಲಿಗೆ ಸರಿಯಾಯಿತೆಂಬ ಸಂತೋಷದಲ್ಲಿಯೇ ಈ ಹೋಲಿಕೆಯನ್ನು ಬರೆಯುತ್ತಿದ್ದೇನೆ. ಹೊಸ ತಲೆಮಾರುಗಳು ಬಂದಂತೆ ಒಳ್ಳೆಯ ಸ್ಪೋರ್ಟ್ಸ್ ಕಾರಿನ ಸತ್ವ ಕರಗುತ್ತದೆಯೇ ಎಂದು ಕೇಳಿದರೆ, ಸ್ವಲ್ಪ ಕರಗುತ್ತದೆ ಎಂದೇ ಹೇಳುತ್ತೇನೆ. ಆದರೆ ಜನ ಸಾಮಾನ್ಯವಾಗಿ ಬೆರಳು ತೋರಿಸುವ ಜಾಗದಲ್ಲಿ ಆ ನಷ್ಟ ನನಗೆ ಕಂಡಿಲ್ಲ.

ಮೊದಲ ತಲೆಮಾರು, ಅಂದರೆ ಎನ್‌ಎ, 1989ರ ಫೆಬ್ರವರಿಯಲ್ಲಿ ಶಿಕಾಗೊ ಮೋಟಾರು ಪ್ರದರ್ಶನದಲ್ಲಿ ಕಾಣಿಸಿಕೊಂಡಿತು. ತೊಶಿಹಿಕೊ ಹಿರಾಯ್ ಅವರ ನೇತೃತ್ವದ ತಂಡ 1960ರ ದಶಕದ ಬ್ರಿಟಿಷ್ ರೋಡ್‌ಸ್ಟರ್‌ಗಳ (ತೆರೆದ ಚಾವಣಿಯ ಎರಡು ಸೀಟಿನ ಕಾರುಗಳ), ಅದರಲ್ಲೂ ಲೋಟಸ್ ಎಲಾನ್‌ನ, ಹಗುರತನವನ್ನು ಮಾದರಿಯಾಗಿಟ್ಟುಕೊಂಡಿತ್ತು. ಎಂಜಿನ್ ಮುಂದೆ, ಚಾಲನೆ ಹಿಂದಿನ ಚಕ್ರಗಳಿಗೆ, ಮುಂದಿನ ಮತ್ತು ಹಿಂದಿನ ಚಕ್ರಗಳ ಮೇಲೆ ಹೆಚ್ಚುಕಡಿಮೆ ಸಮನಾದ ತೂಕ, ಗೇರ್‌ಬಾಕ್ಸನ್ನೂ ಹಿಂದಿನ ಎರಡು ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್ಲನ್ನೂ ಬಿಗಿಯಾಗಿ ಜೋಡಿಸುವ ಅಲ್ಯೂಮಿನಿಯಂ ಚೌಕಟ್ಟು: ಈ ನಾಲ್ಕೂ ಇಂದಿನ ಕಾರಿನಲ್ಲಿಯೂ ಉಳಿದಿವೆ. ಆಕ್ಸಿಲರೇಟರ್ ಒತ್ತಿದೊಡನೆ ನಡುವೆ ಯಾವ ಸಡಿಲವೂ ಇಲ್ಲದೆ ಹಿಂದಿನ ಚಕ್ರಗಳು ಉತ್ತರ ಕೊಡುತ್ತವೆಂದು ಅನ್ನಿಸುವುದಕ್ಕೆ ಆ ಅಲ್ಯೂಮಿನಿಯಂ ಚೌಕಟ್ಟೇ ಕಾರಣ, ಮತ್ತು ಆ ಅನುಭವ ನಾಲ್ಕು ತಲೆಮಾರುಗಳಲ್ಲಿಯೂ ನನಗೆ ದೊರಕಿತು. ಜೀವಾಳವೆಂದು ಒಂದನ್ನೇ ಹೆಸರಿಸಬೇಕಾದರೆ ನಾನು ಅದನ್ನೇ ಹೆಸರಿಸುತ್ತೇನೆ.

1998ರಲ್ಲಿ ಬಂದ ಎರಡನೆಯ ತಲೆಮಾರು ಎನ್‌ಬಿ ಎದುರಿಸಿದ ಆಕ್ಷೇಪವೆಲ್ಲ ಮುಖದ ಬಗ್ಗೆ. ಗುಂಡಿ ಒತ್ತಿದಾಗ ಬಾನೆಟ್ಟಿನಿಂದ ಮೇಲೇಳುತ್ತಿದ್ದ ಹೆಡ್‌ಲೈಟ್‌ಗಳು ಹೋಗಿ, ಅವುಗಳ ಜಾಗದಲ್ಲಿ ಸ್ಥಿರವಾದ ದೀಪಗಳು ಬಂದವು. ಆ ಮೇಲೇಳುವ ದೀಪಗಳು ನನಗೂ ಪ್ರಿಯವೇ. ರಾತ್ರಿ ಎನ್‌ಎ ಓಡಿಸುವಾಗ ಬಾನೆಟ್ಟಿನ ಎರಡು ಅಂಚುಗಳಲ್ಲಿ ಅವುಗಳ ಬೆನ್ನು ಕಾಣುವುದರಿಂದ ಕಾರಿನ ಅಗಲ ಎಷ್ಟೆಂಬ ಅಂದಾಜು ಸುಲಭವಾಗಿ ಸಿಗುತ್ತದೆ. ಆದರೆ ಕಾರಿನ ಅಡಿಗೆ ಇಳಿದು ನೋಡಿದವರಿಗೆ ಬೇರೆಯದೇ ಕಥೆ ಕಾಣುತ್ತದೆ. ತಳಕಟ್ಟಿನ ಮೂಲ ವಿನ್ಯಾಸ, ನಾಲ್ಕೂ ಚಕ್ರಗಳ ಡಬಲ್ ವಿಶ್‌ಬೋನ್ ಸಸ್ಪೆನ್ಷನ್ (ಪ್ರತಿ ಚಕ್ರವನ್ನೂ ಮೇಲೊಂದು ಕೆಳಗೊಂದು ತೋಳು ಹಿಡಿಯುವ ವ್ಯವಸ್ಥೆ), 1.6 ಮತ್ತು 1.8 ಲೀಟರಿನ ಎಂಜಿನ್‌ಗಳ ವಂಶ ಎಲ್ಲವೂ ಎನ್‌ಎಯಿಂದಲೇ ಬಂದವು. ಎನ್‌ಎಯ ಚಾಸಿಯ ಮೇಲೆ ಕೆಲಸ ಮಾಡಿದ್ದ ತಕಾವೊ ಕಿಜಿಮಾ ಅವರೇ ಈ ತಲೆಮಾರಿನ ಮುಖ್ಯಸ್ಥರಾಗಿದ್ದರು. ಗಾಳಿಯ ತಡೆಯ ಗುಣಾಂಕ 0.38ರಿಂದ 0.36ಕ್ಕೆ ಇಳಿಯಿತು. ಮುಖ ಬದಲಾಯಿತೆಂಬ ಕಾರಣಕ್ಕೆ ಅದೇ ದೇಹವನ್ನು ಆತ್ಮಹೀನವೆಂದು ಕರೆಯುವುದು ನ್ಯಾಯವಲ್ಲ.

ಎನ್‌ಎಯನ್ನು ನಾನು ಕೊಳ್ಳದೆ ಬಿಡಲು ಮುಖ್ಯ ಕಾರಣವಾದದ್ದು ಅದರ ಬಟ್ಟೆಯ ಚಾವಣಿಯ ಹಿಂಬದಿ ಕಿಟಕಿ. ಇದು ಮೇಲುನೋಟಕ್ಕೆ ಕ್ಷುಲ್ಲಕವೆಂದು ತೋರುವುದರಿಂದ ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ. ಆ ಕಿಟಕಿ ಗಾಜಿನದಲ್ಲ. ಪಾರದರ್ಶಕವಾದ ಮೆತ್ತನೆಯ ಪ್ಲಾಸ್ಟಿಕ್ ಹಾಳೆ, ಅದನ್ನು ಚಾವಣಿಯ ಬಟ್ಟೆಗೆ ಜಿಪ್ಪಿನಿಂದ ಸೇರಿಸಲಾಗಿದೆ. ಚಾವಣಿಯನ್ನು ಇಳಿಸುವ ಮೊದಲು ಜಿಪ್ಪನ್ನು ಪೂರ್ತಿಯಾಗಿ ಬಿಚ್ಚಿ, ಕಿಟಕಿಯನ್ನು ಸೀಟುಗಳ ಹಿಂದಿನ ಹಲಗೆಯ ಮೇಲೆ ಚಪ್ಪಟೆಯಾಗಿ ಮಲಗಿಸಬೇಕು. ಹಾಗೆ ಮಾಡದೆ ಚಾವಣಿಯನ್ನು ಹಿಂದಕ್ಕೆ ತಳ್ಳಿದರೆ ಹಾಳೆ ಮಧ್ಯದಲ್ಲಿ ಮಡಚಿಕೊಂಡು, ಮಡಿಕೆ ಬಿದ್ದ ಕಡೆ ಬಿಳಿಯ ಗೆರೆ ಮೂಡಿ, ಮುಂದೆ ಅದೇ ಗೆರೆಯ ಉದ್ದಕ್ಕೂ ಸೀಳುತ್ತದೆ. ಚಳಿಯಲ್ಲಿ ಹಾಳೆ ಪೆಡಸಾಗುವುದರಿಂದ ಆಗ ಮಡಚುವುದಂತೂ ಅಪಾಯ. ಬಿಸಿಲಿನಲ್ಲಿ ಅದು ವರ್ಷ ಕಳೆದಂತೆ ಮಂಕಾಗುತ್ತದೆ. ಮಲಗಿಸುವ ಮೊದಲು ಅದರ ಮೇಲೆ ಮೆದುವಾದ ಬಟ್ಟೆ ಹೊದಿಸದಿದ್ದರೆ ಧೂಳಿನ ಕಣಗಳೇ ಗೀರು ಹಾಕುತ್ತವೆ.

ಸ್ನೇಹಿತರೊಬ್ಬರ ಎನ್‌ಎ ಒಂದಿಡೀ ಬೇಸಿಗೆ ನನ್ನ ಬಳಿ ಇತ್ತು. ಆ ಕಾಲದಲ್ಲಿ ನಾನು ಗಮನಿಸಿದ್ದೆಂದರೆ, ದೂರದ ಪ್ರಯಾಣಕ್ಕೆ ಹೊರಟಾಗ ಮಾತ್ರ ನಾನು ಚಾವಣಿ ಇಳಿಸುತ್ತಿದ್ದೆ. ಸಮೀಪದ ಕೆಲಸಗಳಿಗೆ ಹೋಗುವಾಗ ಸೀಟಿನ ಮೇಲೆ ಮಂಡಿಯೂರಿ ಹಿಂದಕ್ಕೆ ಬಾಗಿ, ಜಿಪ್ಪನ್ನು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ನಿಧಾನವಾಗಿ ಎಳೆಯುವ ತಾಳ್ಮೆ ಇರುತ್ತಿರಲಿಲ್ಲ. ಹನಿ ಬೀಳಲು ಶುರುವಾದಾಗ ಸಿಗ್ನಲ್ಲಿನಲ್ಲಿ ನಿಂತ ಕ್ಷಣದಲ್ಲಿ ಚಾವಣಿಯನ್ನು ಎಳೆದು ಮುಚ್ಚಬಹುದು, ಆದರೆ ಹಿಂದಿನ ಕಿಟಕಿ ತೆರೆದೇ ಇರುತ್ತದೆ. ಅದನ್ನು ಸೇರಿಸಲು ಕಾರನ್ನು ರಸ್ತೆಯ ಬದಿಗೆ ನಿಲ್ಲಿಸಲೇಬೇಕು. ಹೀಗಾಗಿ ಮೋಡ ಕಂಡ ದಿನವೆಲ್ಲ ನಾನು ತೆರೆದ ಕಾರನ್ನು ಮುಚ್ಚಿಕೊಂಡೇ ಓಡಿಸಿದೆ.

ಈ ಜಿಪ್ಪು, ಈ ನಿಧಾನ, ಈ ಜಾಗರೂಕತೆಯೇ ಹಳೆಯ ಕಾರಿನ ಆತ್ಮವೆಂದು ವಾದಿಸುವವರಿದ್ದಾರೆ. ಅವರ ಪ್ರೀತಿಯನ್ನು ನಾನು ಗೌರವಿಸುತ್ತೇನೆ, ಆದರೂ ಒಪ್ಪಲಾರೆ. ಈ ಕಾರು ಹುಟ್ಟಿದ್ದೇ ಆಕಾಶವನ್ನು ತಲೆಯ ಮೇಲಿಟ್ಟುಕೊಂಡು ಓಡಿಸುವುದಕ್ಕೆ. ಆ ಸುಖಕ್ಕೆ ಅಡ್ಡ ಬರುವ ಭಾಗವನ್ನು ಅದರ ಸತ್ವವೆಂದು ಹೇಗೆ ಎಣಿಸುವುದು? ಎನ್‌ಬಿಯಲ್ಲಿ ಕಿಟಕಿ ಗಾಜಿನದಾಯಿತು, ಮಂಜನ್ನು ಕರಗಿಸುವ ತಂತಿಗಳು ಅದರೊಳಗೇ ಬಂದವು, ಜಿಪ್ಪು ಹೋಯಿತು. ವಿಂಡ್‌ಸ್ಕ್ರೀನಿನ ಮೇಲಿನ ಎರಡು ಕೊಂಡಿಗಳನ್ನು ಬಿಡಿಸಿ, ಕುಳಿತಲ್ಲಿಂದಲೇ ಚಾವಣಿಯನ್ನು ಹಿಂದಕ್ಕೆ ಸರಿಸಿದರೆ ಕೆಲಸ ಮುಗಿಯಿತು. ಹಾಲು ತರಲು ಹೋಗುವಾಗಲೂ ಈಗ ನನ್ನ ಚಾವಣಿ ಕೆಳಗಿರುತ್ತದೆ. ಎನ್‌ಎ ಇರುವವರು ಮನಸ್ಸು ಮಾಡಿದರೆ ಎನ್‌ಬಿಯ ಗಾಜಿನ ಕಿಟಕಿಯ ಚಾವಣಿಯನ್ನೇ ತಮ್ಮ ಕಾರಿಗೆ ಹಾಕಿಸಿಕೊಳ್ಳಬಹುದು, ಹಲವರು ಹಾಕಿಸಿಕೊಂಡಿದ್ದಾರೆ ಕೂಡ. ಎರಡು ತಲೆಮಾರುಗಳ ದೇಹ ಎಷ್ಟು ಹತ್ತಿರದ್ದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಿಲ್ಲ.

2005ರಲ್ಲಿ ಬಂದ ಮೂರನೆಯ ತಲೆಮಾರು ಎನ್‌ಸಿಯ ಬಗ್ಗೆ ನನಗೆ ಹೇಳಲು ಹೆಚ್ಚಿಲ್ಲ. ಅದು ದೊಡ್ಡದಾಯಿತು, ತೂಕ 1,100 ಕಿಲೋಗ್ರಾಂ ಆಸುಪಾಸಿಗೆ ಏರಿತು, ಮಜ್ದಾದ್ದೇ ಆದ ಆರ್‌ಎಕ್ಸ್-8 ಕಾರಿನೊಡನೆ ಕೆಲವು ಭಾಗಗಳನ್ನು ಹಂಚಿಕೊಂಡಿತು. ಅದರ 2.0 ಲೀಟರ್ ಎಂಜಿನ್ ಬಲಿಷ್ಠ, ದೇಹ ಗಟ್ಟಿ, ಉದ್ದದ ಪ್ರಯಾಣಕ್ಕೆ ಆರಾಮ. ಆದರೂ ಅದರೊಳಗೆ ಕುಳಿತಾಗ ನಾನು ಕಾರಿನ ನಡುವೆ ಇರುವುದಕ್ಕಿಂತ ಅದರ ಮೇಲೆ ಇದ್ದಂತೆ ಅನ್ನಿಸಿತು, ಮತ್ತು ಆ ಅನಿಸಿಕೆ ಕೊನೆಯವರೆಗೂ ಹೋಗಲಿಲ್ಲ. ಎನ್‌ಬಿಯ ಹೊಣೆ ಹೊತ್ತಿದ್ದ ಕಿಜಿಮಾ ಅವರೇ ಇದನ್ನೂ ರೂಪಿಸಿದವರು. ಆದ್ದರಿಂದ ಹೊಸಬರು ಬಂದು ಕೆಡಿಸಿದರೆಂಬ ವಿವರಣೆ ಇಲ್ಲಿ ನಿಲ್ಲುವುದಿಲ್ಲ. ಸುರಕ್ಷತೆಯ ನಿಯಮಗಳೂ ಕೊಳ್ಳುವವರ ನಿರೀಕ್ಷೆಗಳೂ ಆ ಕಾಲದ ಎಲ್ಲ ಕಾರುಗಳನ್ನೂ ಹಿಗ್ಗಿಸುತ್ತಿದ್ದವು.

ನನ್ನನ್ನು ನಿಜವಾಗಿ ಯೋಚನೆಗೆ ಹಚ್ಚಿದ್ದು 2014ರಲ್ಲಿ ಅನಾವರಣಗೊಂಡ ನಾಲ್ಕನೆಯ ತಲೆಮಾರು ಎನ್‌ಡಿ. ನೊಬುಹಿರೊ ಯಮಾಮೊಟೊ ಅವರ ತಂಡ ಹಿಗ್ಗಿದ್ದನ್ನು ಮತ್ತೆ ಕುಗ್ಗಿಸಿತು. ಅದರ ಉದ್ದ 3,915 ಮಿಲಿಮೀಟರ್, ಅಂದರೆ ಕಾಲು ಶತಮಾನ ಹಿಂದಿನ ಎನ್‌ಎಗಿಂತಲೂ ಕಡಿಮೆ. 1.5 ಲೀಟರ್ ಎಂಜಿನ್ನಿನ ಜಪಾನಿನ ಮೂಲ ಮಾದರಿ 990 ಕಿಲೋಗ್ರಾಂ ತೂಗುತ್ತದೆ. ಏರ್‌ಬ್ಯಾಗುಗಳು, ಸ್ಥಿರತೆ ಕಾಯುವ ಎಲೆಕ್ಟ್ರಾನಿಕ್ ವ್ಯವಸ್ಥೆ, ಅಪಘಾತದ ಹೊಡೆತ ತಾಳುವ ದೇಹ ಎಲ್ಲವನ್ನೂ ಸೇರಿಸಿಕೊಂಡು ಈ ತೂಕಕ್ಕೆ ಇಳಿಯುವುದು ಅಸಾಧಾರಣ ಸಾಧನೆ. ಹೊಸ ತಲೆಮಾರೆಂದರೆ ಆತ್ಮಹೀನವೆಂದು ಸಾರಾಸಗಟಾಗಿ ಹೇಳುವವರು ಈ ಕಾರನ್ನು ಓಡಿಸಿರಲಾರರು. 2018ರ ಪರಿಷ್ಕರಣೆಯಲ್ಲಿ 2.0 ಲೀಟರ್ ಎಂಜಿನ್ನಿನ ವೇಗದ ಮಿತಿ ನಿಮಿಷಕ್ಕೆ 6,800ರಿಂದ 7,500 ಸುತ್ತುಗಳಿಗೆ ಏರಿದ ಮೇಲೆ ಅದರ ಮೇಲ್ತುದಿಯ ಹುರುಪು ನನ್ನ ಎನ್‌ಬಿಯ ಎಂಜಿನ್ನಿಗಿಂತ ಎಷ್ಟೋ ಹೆಚ್ಚು. ಇದನ್ನು ಸಂತೋಷದಿಂದಲೇ ಒಪ್ಪುತ್ತೇನೆ.

ಎನ್‌ಡಿಯಲ್ಲಿ ನನಗೆ ಕೊರತೆಯೆನಿಸಿದ್ದು ಸ್ಟೀರಿಂಗ್. ತಿರುವಿನಲ್ಲಿ ಮುಂದಿನ ಟೈರು ರಸ್ತೆಯನ್ನು ಹಿಡಿದಷ್ಟೂ ಚಕ್ರವನ್ನು ನೇರಕ್ಕೆ ಎಳೆಯುವ ಬಲ ಹೆಚ್ಚುತ್ತದೆ. ಹಿಡಿತದ ತುತ್ತತುದಿಗೆ ಸ್ವಲ್ಪ ಮೊದಲೇ ಆ ಬಲ ಕಡಿಮೆಯಾಗತೊಡಗುತ್ತದೆ. ಟೈರು ಇನ್ನೂ ಜಾರಿರುವುದಿಲ್ಲ, ಆದರೆ ಸ್ಟೀರಿಂಗ್ ಹಗುರವಾಗುವುದರಿಂದ ಜಾರಬಹುದೆಂಬ ಸೂಚನೆ ಅಂಗೈಗೆ ಮುಂಚಿತವಾಗಿ ಮುಟ್ಟುತ್ತದೆ. ಎನ್‌ಬಿಯ ಹೈಡ್ರಾಲಿಕ್ (ದ್ರವದ ಒತ್ತಡದಿಂದ ಸಹಾಯ ಮಾಡುವ) ಸ್ಟೀರಿಂಗಿನಲ್ಲಿ ಈ ಏರಿಳಿತ ಹೆಚ್ಚೇನೂ ಸೋಸದೆ ಕೈಗೆ ಬರುತ್ತದೆ. ಎನ್‌ಎಯ ಕೆಲವು ಮಾದರಿಗಳಲ್ಲಿ ಪವರ್ ಸ್ಟೀರಿಂಗೇ ಇಲ್ಲ, ಅವುಗಳಲ್ಲಿ ಇದು ಇನ್ನೂ ನಿಚ್ಚಳ. ಎನ್‌ಡಿಯಲ್ಲಿ ಸಹಾಯಕ್ಕೆ ಇರುವುದು ವಿದ್ಯುತ್ ಮೋಟಾರು, ಎಷ್ಟು ಸಹಾಯ ಕೊಡಬೇಕೆಂದು ತೀರ್ಮಾನಿಸುವುದು ಸಾಫ್ಟ್‌ವೇರ್. ಮೋಟಾರನ್ನು ಸ್ಟೀರಿಂಗ್ ಕಂಬದ ಬದಲು ಚಕ್ರಗಳನ್ನು ತಿರುಗಿಸುವ ಕೆಳಗಿನ ಹಲ್ಲಿನ ಪಟ್ಟಿಗೇ, ಅಂದರೆ ರ‍್ಯಾಕ್‌ಗೇ, ಜೋಡಿಸಿ ತಯಾರಕರು ಶ್ರದ್ಧೆ ತೋರಿಸಿದ್ದಾರೆ, ತಿರುಗುವ ನಿಖರತೆಯೂ ಚೆನ್ನಾಗಿದೆ. ಆದರೂ ನೇರ ಸ್ಥಿತಿಯಿಂದ ತಿರುವಿಗೆ ಹೊರಳುವ ಮೊದಲ ಕ್ಷಣದಲ್ಲಿ ನನಗೆ ಬೇಕಾಗಿದ್ದ ಆ ಒತ್ತಡದ ಏರಿಕೆ ಮಸುಕಾಗಿತ್ತು. ಒದ್ದೆ ರಸ್ತೆಯಲ್ಲಿ ಎನ್‌ಬಿಯನ್ನು ಕೈಯ ಮಾತು ಕೇಳಿ ಓಡಿಸುತ್ತೇನೆ. ಎನ್‌ಡಿಯನ್ನು ಕಣ್ಣಿನ ಅಂದಾಜಿನ ಮೇಲೆ ಓಡಿಸಬೇಕಾಯಿತು. ತಲೆಮಾರುಗಳ ನಡುವೆ ನಿಜವಾಗಿ ಏನಾದರೂ ಕಳೆದುಹೋಗಿದ್ದರೆ ಅದು ಇಲ್ಲಿ. 2024ರ ಮಾದರಿಯಲ್ಲಿ ರ‍್ಯಾಕಿನ ಘರ್ಷಣೆಯನ್ನು ಇಳಿಸಿ ಮೋಟಾರಿನ ನಿಯಂತ್ರಣವನ್ನು ತಿದ್ದಿದ್ದಾರೆ. ಈ ದೂರು ಕೇವಲ ಹಳಬರ ಹಠವಾಗಿರಲಿಲ್ಲವೆಂಬುದಕ್ಕೆ ಆ ತಿದ್ದುಪಡಿಯೇ ಸಾಕು.

ಹೋಲಿಸುವವರು ಎಚ್ಚರದಿಂದಿರಬೇಕಾದ ಇನ್ನೊಂದು ಸಂಗತಿಯಿದೆ. ಇಪ್ಪತ್ತು ವರ್ಷ ದಾಟಿದ ಕಾರಿನ ಸಸ್ಪೆನ್ಷನ್ನಿನ ಕೀಲುಗಳಲ್ಲಿರುವ ರಬ್ಬರ್ ಬುಷ್‌ಗಳು ಒಣಗಿ ಬಿರುಕು ಬಿಟ್ಟಿರುತ್ತವೆ, ಶಾಕ್ ಅಬ್ಸಾರ್ಬರ್‌ಗಳು ಸೋತಿರುತ್ತವೆ. ಅಂಥ ಕಾರನ್ನು ಹೊಚ್ಚ ಹೊಸ ಎನ್‌ಡಿಯ ಪಕ್ಕದಲ್ಲಿಟ್ಟು ಹಳೆಯದು ಸಡಿಲ, ಹೊಸದು ಬಿಗಿ ಎಂದು ತೀರ್ಪು ಕೊಟ್ಟರೆ ಅದು ಸವಕಳಿಯ ಮೇಲಿನ ತೀರ್ಪಾಗುತ್ತದೆಯೇ ಹೊರತು ತಲೆಮಾರಿನ ಮೇಲಿನದಲ್ಲ. ನನ್ನ ಎನ್‌ಬಿಗೆ ಹೊಸ ಬುಷ್ ಮತ್ತು ಶಾಕ್ ಅಬ್ಸಾರ್ಬರ್ ಹಾಕಿಸಿ, ಚಕ್ರಗಳ ಕೋನಗಳನ್ನು ಸರಿಪಡಿಸಿದ ಮೇಲೆ ಅದು ನಾನು ಕೊಂಡ ಕಾರೇ ಅಲ್ಲವೆನ್ನುವಷ್ಟು ಬದಲಾಯಿತು. ತಿರುವಿನ ಮಧ್ಯದಲ್ಲಿ ಹಳ್ಳ ಬಂದಾಗ ಮೊದಲು ಹಿಂಭಾಗ ಒಂದು ಬದಿಗೆ ನೆಗೆಯುತ್ತಿತ್ತು, ಈಗ ಇಳಿದು ಏರಿ ಅದೇ ಗೆರೆಯಲ್ಲಿ ಮುಂದುವರಿಯುತ್ತದೆ. ಹಳೆಯ ಕಾರಿನ ಸತ್ವದ ಬಗ್ಗೆ ಮಾತಾಡುವುದಾದರೆ ಈ ಸ್ಥಿತಿಯಲ್ಲಿರುವ ಕಾರನ್ನು ಓಡಿಸಿದ ಮೇಲೆಯೇ ಮಾತಾಡಬೇಕು.

ಉಳಿದ ವಿಷಯಗಳು ಚಿಕ್ಕವು. ಡಿಕ್ಕಿ ಎನ್‌ಬಿಯಲ್ಲಿ ಎನ್‌ಎಗಿಂತ ದೊಡ್ಡದು. ಎತ್ತರದವರಿಗೆ ಎನ್‌ಎ ಮತ್ತು ಎನ್‌ಬಿ ಎರಡೂ ಇಕ್ಕಟ್ಟು, ಏಕೆಂದರೆ ಸ್ಟೀರಿಂಗ್ ಎತ್ತಲೂ ಆಗದು, ಹತ್ತಿರ ಎಳೆಯಲೂ ಆಗದು. ಎನ್‌ಡಿಯಲ್ಲಿ ಹತ್ತಿರಕ್ಕೆ ಎಳೆಯುವ ಸೌಕರ್ಯ 2018ರ ಪರಿಷ್ಕರಣೆಯೊಡನೆ ಬಂದಿತು. ಗೇರ್ ಹಾಕುವ ಸುಖ ನಾಲ್ಕರಲ್ಲಿಯೂ ಇದೆ. ಸುರಕ್ಷತೆಯಲ್ಲಿ ಎನ್‌ಡಿ ಬಹಳ ಮುಂದಿದೆ, ಪ್ರತಿದಿನ ಹೆದ್ದಾರಿಯಲ್ಲಿ ಭಾರಿ ಲಾರಿಗಳ ನಡುವೆ ಓಡಾಡುವವರಿಗೆ ನಾನು ಅದನ್ನು ಬಿಟ್ಟು ಬೇರೆಯದನ್ನು ಸೂಚಿಸುವುದಿಲ್ಲ.

ನನ್ನ ಓಡಾಟ ಬೇರೆ ರೀತಿಯದು. ಬೆಳಗಿನ ಹೊತ್ತು ವಾಹನಗಳಿಲ್ಲದ ತಿರುವಿನ ರಸ್ತೆಗಳಲ್ಲಿ, ಮಿತವಾದ ವೇಗದಲ್ಲಿ, ಚಾವಣಿ ಇಳಿಸಿಕೊಂಡು ಓಡಿಸುವುದು ನನ್ನ ರೂಢಿ. ಎಣ್ಣೆ, ಬ್ರೇಕ್ ಪ್ಯಾಡ್, ಸ್ಪಾರ್ಕ್ ಪ್ಲಗ್ ಇಂಥ ಕೆಲಸಗಳನ್ನು ಸ್ವತಃ ಮಾಡಿಕೊಳ್ಳುತ್ತೇನೆ. ನಾನು ತೆಗೆದಿಟ್ಟಿದ್ದ ಹಣಕ್ಕೆ ಎನ್‌ಡಿ ಬರುತ್ತಿತ್ತು, ಆದರೆ ಆಮೇಲೆ ಏನೂ ಉಳಿಯುತ್ತಿರಲಿಲ್ಲ. ಎನ್‌ಎ ಸಿಗುತ್ತಿತ್ತು, ಆದರೆ ಅಭಿಮಾನಿಗಳ ಬೇಡಿಕೆಯಿಂದಾಗಿ ಅದೇ ಹಣಕ್ಕೆ ದಣಿದ ಕಾರೇ ಸಿಗುತ್ತಿತ್ತು. ಜನ ಕಡೆಗಣಿಸಿದ ಎನ್‌ಬಿಯಲ್ಲಿ ಮಾತ್ರ ಚೆನ್ನಾಗಿ ನೋಡಿಕೊಂಡ ಕಾರನ್ನು ಕೊಂಡು, ಬುಷ್, ಶಾಕ್ ಅಬ್ಸಾರ್ಬರ್ ಮತ್ತು ಒಳ್ಳೆಯ ಟೈರುಗಳಿಗೆ ಹಣ ಉಳಿಸಿಕೊಳ್ಳಲು ಸಾಧ್ಯವಾಯಿತು.

ಎನ್‌ಬಿಯನ್ನೇ ಹುಡುಕುವವರು ಬಣ್ಣಕ್ಕೂ ಸೀಟಿಗೂ ಮರುಳಾಗದೆ ಮೊದಲು ಕಾರನ್ನು ಲಿಫ್ಟಿನ ಮೇಲೆ ಎತ್ತಿಸಿ ನೋಡಬೇಕು. ಎಂಜಿನ್ನಿನ ಎರಡೂ ಬದಿಯಲ್ಲಿ ಮುಂದಕ್ಕೆ ಚಾಚಿರುವ ಚಾಸಿಯ ತೊಲೆಗಳು ಎರಡು ಪದರದವಾದ್ದರಿಂದ ತುಕ್ಕು ಒಳಗಿನಿಂದ ಬೆಳೆದು ತಡವಾಗಿ ಕಾಣಿಸಿಕೊಳ್ಳುತ್ತದೆ; ಬಾಗಿಲುಗಳ ಕೆಳಗೆ ಉದ್ದಕ್ಕೂ ಹೋಗುವ ದೇಹದ ಅಂಚು, ಅದರಲ್ಲೂ ಹಿಂದಿನ ಚಕ್ರದ ಮುಂಭಾಗ, ಇನ್ನೊಂದು ದುರ್ಬಲ ಜಾಗ. ಚಾವಣಿಯ ನೀರು ಸೀಟುಗಳ ಹಿಂದಿನ ರಂಧ್ರಗಳಿಂದ ಇಳಿದು ಹೋಗುತ್ತದೆ, ಎಲೆ ಕಸ ಕಟ್ಟಿಕೊಂಡರೆ ಆ ನೀರು ಒಳಗೇ ನಿಂತು ಅಲ್ಲಿಯೇ ತುಕ್ಕು ಹಿಡಿಸುತ್ತದೆ. ಹೊಂದಿಕೊಳ್ಳುವ ತೆಳುವಾದ ನೈಲಾನ್ ತಂತಿಯನ್ನು ಮೇಲಿನಿಂದ ಇಳಿಸಿ, ಒಂದು ಲೋಟ ನೀರು ಹಾಕಿ, ಅದು ಕಾರಿನ ಅಡಿಯಲ್ಲಿ ಎರಡೂ ಬದಿ ಸರಾಗವಾಗಿ ಸುರಿಯುತ್ತದೆಯೇ ಎಂದು ಮಾರುವವರ ಎದುರಿನಲ್ಲಿಯೇ ನೋಡಿಕೊಳ್ಳಿ.