ಎರಡು ಡಿಸ್ಕ್, ಎರಡು ಓಎಸ್: ಒಂದೇ ಗ್ರಬ್ ಸಾಕಾ, ಬೇರೆ ಬೇರೆ ಬೂಟ್ ಬೇಕಾ?

ಕೊಪ್ಪಳದಲ್ಲಿ ಡಿಟಿಪಿ ಅಂಗಡಿ ಇಟ್ಟಿರುವ ಗೆಳೆಯರೊಬ್ಬರ ಪ್ರಶ್ನೆ ಇದು. ಹಳೇ ಡಿಸ್ಕ್‌ನಲ್ಲಿ ವಿಂಡೋಸ್ ಇದೆ, ನುಡಿ, ಟ್ಯಾಲಿ ಎಲ್ಲಾ ಅದರಲ್ಲೇ. ಹೊಸ ಡಿಸ್ಕ್‌ಗೆ ಉಬುಂಟು ಅನ್ನೋ ಲಿನಕ್ಸ್ ಓಎಸ್ (ಆಪರೇಟಿಂಗ್ ಸಿಸ್ಟಮ್) ಹಾಕಬೇಕು. ಎರಡಕ್ಕೂ ಒಂದೇ ಗ್ರಬ್ (ಉಬುಂಟು ಜೊತೆ ಬರುವ ಬೂಟ್‌ಲೋಡರ್) ಮೆನು ಇಡೋದಾ, ಇಲ್ಲಾ ಒಂದೊಂದಕ್ಕೂ ಅದರದೇ ಬೂಟ್‌ಲೋಡರಾ, ಅಂದರೆ ಓಎಸ್ ಶುರು ಮಾಡುವ ಪ್ರೋಗ್ರಾಮಾ?

ಖರ್ಚಿನ ಮಾತೇ ಇಲ್ಲ, ಎರಡೂ ವಿಧಾನ ಪುಕ್ಕಟೆ.

ದಿನಾ ಬಳಸೋಕೆ ಗ್ರಬ್ ಸುಲಭ. ಆನ್ ಮಾಡಿದ ಕೂಡಲೇ ಪಟ್ಟಿ ಬರುತ್ತದೆ, ಬೇಕಾದ್ದನ್ನು ಆರಿಸಿ ಎಂಟರ್ ಒತ್ತಿದರೆ ಆಯ್ತು. ಆದರೆ 2.06ನೇ ಆವೃತ್ತಿಯಿಂದ ಗ್ರಬ್ ಬೇರೆ ಓಎಸ್‌ಗಳನ್ನು ತಾನಾಗಿ ಹುಡುಕುವುದಿಲ್ಲ, ಹಾಗಾಗಿ ಪಟ್ಟಿಯಲ್ಲಿ ವಿಂಡೋಸ್ ಕಾಣದಿದ್ದರೆ ಗಾಬರಿ ಬೇಡ, ಉಬುಂಟುವಿನಲ್ಲಿ ಓಎಸ್-ಪ್ರೋಬರ್ (ಬೇರೆ ಓಎಸ್ ಹುಡುಕುವ ಟೂಲ್) ಆನ್ ಮಾಡಿ ಅಪ್‌ಡೇಟ್-ಗ್ರಬ್ ಕಮಾಂಡ್ ಓಡಿಸಿ. ಬೇರೆ ಬೇರೆ ಇಟ್ಟರೆ ಓಎಸ್ ಬದಲಿಸುವಾಗೆಲ್ಲ ಆನ್ ಮಾಡಿದ ಕೂಡಲೇ ಬೂಟ್ ಮೆನುವಿನ ಕೀ ಒತ್ತಿ ಡಿಸ್ಕ್ ಆರಿಸಬೇಕು, ಹಲವು ಕಂಪ್ಯೂಟರ್‌ಗಳಲ್ಲಿ ಅದು ಎಫ್12, ಎಚ್‌ಪಿಯಲ್ಲಾದರೆ ಎಫ್9. ಅಂಗಡಿ ಹುಡುಗರಿಗೆ ಇದು ಕಿರಿಕಿರಿ.

ಬಾಳಿಕೆ ವಿಷಯಕ್ಕೆ ಬಂದರೆ ಲೆಕ್ಕ ತಿರುಗುತ್ತದೆ. ಬೇಸಿಗೆಯಲ್ಲಿ ಕರೆಂಟ್ ಹೋಗಿ ಬಂದು ಮಾಡುವ ನಮ್ಮ ಕಡೆ ಡಿಸ್ಕ್ ಕೈಕೊಡೋದು ಹೊಸದೇನಲ್ಲ, ಅಲ್ವಾ? ಎರಡರ ಬೂಟ್ ಫೈಲೂ ಒಂದೇ ಡಿಸ್ಕ್‌ನ ಇಎಫ್‌ಐ ಪಾರ್ಟಿಷನ್‌ನಲ್ಲಿದ್ದು (ಬೂಟ್ ಫೈಲ್‌ಗಳಿಗಾಗಿಯೇ ಇರುವ ಚಿಕ್ಕ ಭಾಗ) ಆ ಡಿಸ್ಕೇ ಸತ್ತರೆ, ಇನ್ನೊಂದು ಡಿಸ್ಕ್ ಗಟ್ಟಿಯಾಗಿದ್ದರೂ ಬೂಟ್ ಆಗುವುದಿಲ್ಲ. ಬೇರೆ ಬೇರೆ ಇದ್ದರೆ ಒಂದನ್ನು ಬಿಚ್ಚಿ ತೆಗೆದರೂ ಇನ್ನೊಂದು ನಡೆಯುತ್ತದೆ. ಹಾಗೆ ಬೇಕಿದ್ದರೆ ಉಬುಂಟು ಹಾಕುವಾಗ ವಿಂಡೋಸ್ ಡಿಸ್ಕ್‌ನ ಕೇಬಲ್ ಬಿಚ್ಚಿಡಿ, ಇಲ್ಲದಿದ್ದರೆ ಇನ್‌ಸ್ಟಾಲರ್ ತನ್ನ ಫೈಲನ್ನು ಸದ್ದಿಲ್ಲದೆ ಅಲ್ಲೇ ಬರೆದುಬಿಡಬಹುದು.

ದಿನಕ್ಕೆ ನಾಲ್ಕು ಸಲ ಅತ್ತಿತ್ತ ಓಡಾಡುವವರಿಗೆ ಗ್ರಬ್. ಜಿಎಸ್‌ಟಿ ಬಿಲ್ ನಿಲ್ಲಲೇಬಾರದು, ಲಿನಕ್ಸ್ ಅಪರೂಪಕ್ಕೆ ಅನ್ನುವವರಿಗೆ ಬೇರೆ ಬೇರೆ. ಯಾವುದೇ ಆಗಲಿ, ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ (ಬೇಗ ಆನ್ ಆಗಲೆಂದು ಪೂರ್ತಿ ಶಟ್‌ಡೌನ್ ಆಗದಿರುವ ಸೆಟ್ಟಿಂಗ್) ಆಫ್ ಮಾಡಿ. ಅದು ಆನ್ ಇದ್ದರೆ ಉಬುಂಟುವಿನಿಂದ ವಿಂಡೋಸ್ ಡ್ರೈವ್‌ಗೆ ಫೈಲ್ ಬರೆಯೋಕೆ ಬಿಡುವುದಿಲ್ಲ.