14 ವರ್ಷದ ಕಾರು, ಬೆಳಗಿನ ನೀಲಿ ಹೊಗೆ

ನಮ್ಮದು 2011ರ ಪೆಟ್ರೋಲ್ ಕಾರು. ನಾಲ್ಕು ಸಿಲಿಂಡರ್, 1.2 ಲೀಟರ್ ಇಂಜಿನ್. ಮನೆ ತೀರ್ಥಹಳ್ಳಿಯಲ್ಲಿ. ತಿಂಗಳಿಗೆ ಎರಡು ಸಲವಾದರೂ ಆಗುಂಬೆ ಘಾಟಿ ಇಳಿದು ಉಡುಪಿಗೆ ಹೋಗಲೇಬೇಕು. 1,10,000 ಕಿ.ಮೀ. ಓಡುವವರೆಗೂ ದೊಡ್ಡ ಖರ್ಚು ಅಂತ ಏನೂ ಬಂದಿರಲಿಲ್ಲ.

ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಸ್ಟಾರ್ಟ್ ಮಾಡಿದೆ. ತುಳಸಿಗೆ ನೀರು ಹಾಕುತ್ತಿದ್ದ ಅಮ್ಮ, "ಏನೋ ಅದು, ಎಣ್ಣೆ ಸೀದ ವಾಸನೆ ಬರ್ತಿದೆ" ಅಂದರು. ಇಳಿದು ನೋಡಿದರೆ ಸೈಲೆನ್ಸರ್‌ನಿಂದ ನೀಲಿ ಹೊಗೆ. ಅರ್ಧ ನಿಮಿಷದಲ್ಲಿ ಮಾಯ. ಡಿಪ್‌ಸ್ಟಿಕ್ ಎಳೆದೆ. ಆಯಿಲ್ ಕೆಳಗಿನ ಗೆರೆ ಮುಟ್ಟಿತ್ತು. ಆಯಿಲ್ ಬದಲಾಯಿಸಿ ಮೂರು ತಿಂಗಳೂ ಆಗಿರಲಿಲ್ಲ. ಗಾಡಿ ನಿಂತ ಜಾಗದಲ್ಲಿ ಒಂದು ಹನಿಯೂ ಸೋರಿಲ್ಲ.

ಮೊದಲು ತೋರಿಸಿದ ಗ್ಯಾರೇಜಿನವರು ಹೊಗೆ ನೋಡಿದ್ದೇ, "ರಿಂಗ್ ಹೋಗಿದೆ ಸಾರ್, ಇಂಜಿನ್ ಇಳಿಸಬೇಕು" ಅಂದರು. ರಿಂಗ್ ಅಂದರೆ ಪಿಸ್ಟನ್ ಸುತ್ತ ಇರುವ, ಆಯಿಲ್ ಮೇಲೆ ಬರದಂತೆ ತಡೆಯುವ ಬಳೆ. 60 ಸಾವಿರದ ಎಸ್ಟಿಮೇಟ್. ಒಂದೇ ಒಂದು ಟೆಸ್ಟ್ ಮಾಡಿರಲಿಲ್ಲ. ಅದು ನನಗೆ ಇವತ್ತಿಗೂ ಬೇಜಾರು.

ಸುಮ್ನೆ ಒಪ್ಪಿಕೊಳ್ಳಲು ಮನಸ್ಸು ಬರಲಿಲ್ಲ. ಒಂದು ತಿಂಗಳು ನೋಟ್‌ಬುಕ್‌ನಲ್ಲಿ ಬರೆದಿಟ್ಟೆ. ರಾತ್ರಿಯೆಲ್ಲ ನಿಂತಿದ್ದರೆ ಬೆಳಿಗ್ಗೆ ಹೊಗೆ. ಆಕ್ಸಿಲರೇಟರ್ ಬಿಟ್ಟು ಎರಡನೇ ಗೇರಿನಲ್ಲಿ ಘಾಟಿ ಇಳಿದು, ಬುಡದ ಸೋಮೇಶ್ವರದಲ್ಲಿ ಮತ್ತೆ ಒತ್ತಿದಾಗ ಹೊಗೆ. ಘಾಟಿ ಹತ್ತುವಾಗ ಮಾತ್ರ ಇಲ್ಲ. ಸಾವಿರ ಕಿ.ಮೀ.ಗೆ ಸುಮಾರು 400 ಮಿ.ಲೀ. ಆಯಿಲ್ ಕುಡಿಯುತ್ತಿತ್ತು.

ಶಿವಮೊಗ್ಗದ ಇನ್ನೊಬ್ಬ ಮೆಕ್ಯಾನಿಕ್ ಈ ಪುಟ ಓದಿಯೇ, "ವಾಲ್ವ್ ಸೀಲ್ ಇರಬಹುದು, ಬಿಚ್ಚೋಕೆ ಮುಂಚೆ ಕಂಪ್ರೆಶನ್ ನೋಡೋಣ" ಅಂದರು. ಕಂಪ್ರೆಶನ್ ಅಂದರೆ ಸಿಲಿಂಡರ್ ಒಳಗೆ ಗಾಳಿ ಎಷ್ಟು ಒತ್ತಡಕ್ಕೆ ಬರುತ್ತೆ ಅನ್ನುವುದು. ರಿಂಗ್ ಸವೆದಿದ್ದರೆ ಏರಿನಲ್ಲಿ ಲೋಡ್ ಬಿದ್ದಾಗಲೂ ಹೊಗೆ ಬರಬೇಕಂತೆ. ವಾಲ್ವ್ ಕಡ್ಡಿಯ ಗುಂಟ ಆಯಿಲ್ ಇಳಿಯದಂತೆ ಹಾಕಿರುವ ರಬ್ಬರ್ ಸೀಲ್ ಗಟ್ಟಿಯಾದರೆ, ಗಾಡಿ ನಿಂತಾಗ ಆಯಿಲ್ ನಿಧಾನಕ್ಕೆ ವಾಲ್ವ್ ಗುಂಟ ಒಳಗೆ ಇಳಿಯುತ್ತೆ. ಇಳಿಜಾರಿನಲ್ಲಂತೂ ಇಂಜಿನ್ನೇ ಅದನ್ನು ಹೀರಿಕೊಳ್ಳುತ್ತೆ. ಸ್ಪಾರ್ಕ್ ಪ್ಲಗ್ ಬಿಚ್ಚಿ ಒತ್ತಡ ಅಳೆಯುವ ಗೇಜ್ ಹಾಕಿದರು. ನಾಲ್ಕೂ ಸಿಲಿಂಡರ್ 165ರಿಂದ 175 ಪಿಎಸ್‌ಐ ಒಳಗೇ ಇದ್ದವು. ಒಂದೊಂದಕ್ಕೂ ಸ್ವಲ್ಪ ಆಯಿಲ್ ಬಿಟ್ಟು ಮತ್ತೆ ನೋಡಿದರು. ರಿಂಗ್ ಹೋಗಿದ್ದರೆ ಆ ಆಯಿಲ್ ಸಂದು ಮುಚ್ಚಿ ಮುಳ್ಳು ಜಾಸ್ತಿಯೇ ಏರಬೇಕಿತ್ತು. ಏರಲಿಲ್ಲ.

ಇಂಜಿನ್ ಇಳಿಸಲಿಲ್ಲ, ಅದರ ಮೇಲ್ಭಾಗವಾದ ಹೆಡ್ ಕೂಡ ತೆಗೆಯಲಿಲ್ಲ. ಪ್ಲಗ್ ತೂತಿನಿಂದ ಕಂಪ್ರೆಸರ್ ಗಾಳಿ ಕೊಟ್ಟು, ವಾಲ್ವ್ ಒಳಗೆ ಬೀಳದಂತೆ ಹಿಡಿದುಕೊಂಡು, 16 ಸೀಲ್ ಬದಲಾಯಿಸಿದರು. ತೆಗೆದ ಸೀಲ್ ಒಂದನ್ನು ನನ್ನ ಅಂಗೈ ಮೇಲಿಟ್ಟರು. ಕಡಲೆಕಾಳಿಗಿಂತ ಸ್ವಲ್ಪ ದೊಡ್ಡದು. ಉಗುರಿನಲ್ಲಿ ಒತ್ತಿದರೆ ಒಂದಿಷ್ಟೂ ತಗ್ಗಲಿಲ್ಲ. ಬಗ್ಗಿಸಿದರೆ ಚಟ್ ಅಂತ ಮುರಿಯಿತು. ಹೊಸದು ಎಷ್ಟು ಮೆತ್ತಗಿತ್ತು! ಎರಡು ದಿನದ ಕೆಲಸ, ಎಲ್ಲ ಸೇರಿ 11,500 ರೂಪಾಯಿ.

ಅದಾಗಿ 16,000 ಕಿ.ಮೀ. ಓಡಿದೆ. ಹೊಗೆ ಇಲ್ಲ. ಒಂದು ಆಯಿಲ್ ಚೇಂಜ್‌ನಿಂದ ಇನ್ನೊಂದರವರೆಗೆ ಟಾಪ್ ಅಪ್ ಬೇಕಾಗಿಲ್ಲ. ಘಾಟಿ ಹತ್ತುವಾಗ ಏಸಿ ಸೋಲುತ್ತೆ, ಮುಂದಿನ ಸಸ್ಪೆನ್ಶನ್ ಬುಶ್ ಸದ್ದು ಮಾಡುತ್ತೆ. ಅಷ್ಟು ವಯಸ್ಸಾಗಿದೆ ಅಲ್ವಾ, ಅದನ್ನೆಲ್ಲ ಒಂದೊಂದಾಗಿ ಮಾಡಿಸುತ್ತೇನೆ. ಮುಂದಿನ ವರ್ಷ 15 ತುಂಬುತ್ತೆ. ಆರ್‌ಟಿಓದಲ್ಲಿ ಎಫ್‌ಸಿ ಮಾಡಿಸಿ, ಇನ್ನೈದು ವರ್ಷಕ್ಕೆ ಆರ್‌ಸಿ ರಿನ್ಯೂ ಮಾಡಿಸುವುದು ಅಂತ ಮನೆಯಲ್ಲಿ ತೀರ್ಮಾನವಾಗಿದೆ.