ಕೆಳಗೆ ಅಂಗಡಿ, ಮೇಲೆ ಮನೆ: ಹಳೇ ಬೀದಿಯೋ, ಹೊಸ ಕಾಂಪ್ಲೆಕ್ಸೋ?

ಎರಡೂ ಕಡೆ ಬಾಡಿಗೆಗೆ ಇದ್ದು ನೋಡಿದ್ದೇನೆ. ಒಂದು, ಅಂಗಡಿ-ಮನೆ ತಾನಾಗೇ ಬೆರೆತು ಬೆಳೆದ ಹಳೇ ಬೀದಿ. ಇನ್ನೊಂದು, ಅಂಥದ್ದೇ ಬೀದಿ ಕೆಡವಿ ಕಟ್ಟಿದ ಮಿಕ್ಸ್ಡ್ ಯೂಸ್ ಕಾಂಪ್ಲೆಕ್ಸ್: ಕೆಳಗೆ ಅಂಗಡಿ, ನಡುವೆ ಆಫೀಸು, ಮೇಲೆ ಮನೆ. ಬೇಕಾದ್ದೆಲ್ಲ ಮನೆ ಬುಡದಲ್ಲೇ ಸಿಗುತ್ತದೆ ಅಂತ ಮಾರುವವರು ಹೇಳಿದ್ದರು. ಬೇಕಾದ್ದು ಯಾರಿಗೆ ಅನ್ನುವುದೇ ಪ್ರಶ್ನೆ.

ಪ್ಯಾಂಟಿನ ಜಿಪ್ ಕಿತ್ತುಹೋಯಿತು ಅಂದುಕೊಳ್ಳಿ. ಹಳೇ ಬೀದಿಯಲ್ಲಿ ಮೆಟ್ಟಿಲ ಕೆಳಗಿನ ಸಂದಿಯಲ್ಲೇ ಹೊಲಿಗೆ ಮಷಿನ್ ಹಾಕಿಕೊಂಡು ಟೈಲರ್ ಕೂತಿರುತ್ತಿದ್ದರು. ಬೆಳಗ್ಗೆ ಕೊಟ್ಟರೆ ಸಂಜೆಗೆ ರೆಡಿ. ಕಾಂಪ್ಲೆಕ್ಸಿನಲ್ಲಿ ಹೊಸ ಪ್ಯಾಂಟ್ ಮಾರುವ ಶೋರೂಮ್‌ಗಳು ಸಾಲಾಗಿವೆ, ಜಿಪ್ ಹಾಕಿಕೊಡುವವರು ಒಬ್ಬರೂ ಇಲ್ಲ. ಚಪ್ಪಲಿ ರಿಪೇರಿ, ಡೂಪ್ಲಿಕೇಟ್ ಕೀ, ಪಂಕ್ಚರ್, ಜೆರಾಕ್ಸ್, ಯಾವುದಕ್ಕೆ ಹೋದರೂ ಇದೇ ಕಥೆ. ಕಾಫಿಗೆ ಮಾತ್ರ ಬರವಿಲ್ಲ!

ಇದು ಯಾರದೋ ಕೆಟ್ಟ ಬುದ್ಧಿ ಅಂತಲ್ಲ, ಲೆಕ್ಕವೇ ಹಾಗಿದೆ. ಹೊಸ ಕಟ್ಟಡದ ಸಾಲ ತೀರಿಸುವ ದುಡ್ಡು ಬಾಡಿಗೆಯಲ್ಲೇ ಹುಟ್ಟಬೇಕು. ಹತ್ತಾರು ಸಣ್ಣ ಅಂಗಡಿಯವರ ಹಿಂದೆ ಓಡಾಡುವುದಕ್ಕಿಂತ, ಇಡೀ ಜಾಗವನ್ನು ಒಂದು ದೊಡ್ಡ ಚೈನ್ ಸ್ಟೋರಿಗೆ ಕೊಟ್ಟುಬಿಡುವುದು ಮಾಲೀಕರಿಗೆ ಸಲೀಸು. ನಗರಗಳ ಬಗ್ಗೆ ಬರೆಯುತ್ತಿದ್ದ ಅಮೆರಿಕದ ಲೇಖಕಿ ಜೇನ್ ಜೇಕಬ್ಸ್ 1961ರಲ್ಲೇ ಇದನ್ನು ಹೇಳಿದ್ದರು: ಬಡಾವಣೆಯಲ್ಲಿ ಹಳೇ ಕಟ್ಟಡಗಳೂ ಉಳಿಯಬೇಕು, ಯಾಕೆಂದರೆ ಹೊಸ ಕಟ್ಟಡದ ಖರ್ಚನ್ನು ಸಣ್ಣ ವ್ಯಾಪಾರ ತಡೆದುಕೊಳ್ಳುವುದಿಲ್ಲ.

ದೂರದ ವಿಷಯವೂ ಸ್ವಲ್ಪ ಮೋಸವೇ. ಅಂಗಡಿ ಹತ್ತಿರದಲ್ಲಿದೆ ಅನ್ನಲು ನಗರ ಯೋಜಕರು 400 ಮೀಟರ್, ಅಂದರೆ ಸುಮಾರು 5 ನಿಮಿಷದ ನಡಿಗೆಯ ಲೆಕ್ಕ ಹಿಡಿಯುತ್ತಾರೆ. ನಕ್ಷೆಯಲ್ಲಿ ಮೆಡಿಕಲ್ ಶಾಪ್ ನಮ್ಮ ಮನೆಯ ನೇರ ಕೆಳಗೇ ಇತ್ತು. ಆದರೆ ಲಿಫ್ಟಿಗೆ ಕಾಯಬೇಕು, ಪಾರ್ಕಿಂಗ್ ದಾಟಬೇಕು, ರಾತ್ರಿ ಪಕ್ಕದ ಗೇಟಿಗೆ ಬೀಗ, ಹಾಗಾಗಿ ಇಡೀ ಬ್ಲಾಕ್ ಸುತ್ತಿ ಬರಬೇಕು. ಹಳೇ ಬೀದಿಯಲ್ಲಿ ಚಪ್ಪಲಿ ಮೆಟ್ಟಿ ಹೊಸ್ತಿಲು ದಾಟಿದರೆ ಅಂಗಡಿ.

ಹಾಗಂತ ಹಳೇ ಬೀದಿಯನ್ನು ಸುಮ್ನೆ ಹೊಗಳುವುದೂ ಬೇಡ. ಫುಟ್‌ಪಾತ್ ತುಂಬ ಬೈಕು, ಅರ್ಧ ಮುಚ್ಚಿದ ಮೋರಿ, ರಾತ್ರಿಯವರೆಗೂ ವೆಲ್ಡಿಂಗ್ ಸದ್ದು. ಮೊಣಕಾಲು ನೋವಿನ ನಮ್ಮ ಅತ್ತೆ ಅಲ್ಲಿ ಮೆಟ್ಟಿಲು ಇಳಿಯುವುದನ್ನೇ ಬಿಟ್ಟಿದ್ದರು. ಕಾಂಪ್ಲೆಕ್ಸಿಗೆ ಬಂದ ಮೇಲೆ ದಿನಾ ವಾಕಿಂಗ್. ಸಮತಟ್ಟು ನೆಲ, ಒಳ್ಳೇ ದೀಪ, ಗಾಡಿಗಳ ಕಾಟವಿಲ್ಲ. ಸುಸ್ತಾದಾಗ ಕೂರಲು ಬೆಂಚು ಮಾತ್ರ ಕೆಫೆಗಳ ಒಳಗೇ ಇವೆ. ಏನಾದರೂ ತಗೊಂಡರೇ ಕೂರಬಹುದು, ವಿಚಿತ್ರ ಅಲ್ವಾ?

ನನ್ನ ಓಟು ಹಳೇ ಬೀದಿಗೇ. ಲಿಫ್ಟು, ದೀಪ, ಒಳ್ಳೇ ಫುಟ್‌ಪಾತನ್ನು ಅಲ್ಲಿಗೆ ಆಮೇಲೂ ತರಬಹುದು. ಎದ್ದುಹೋದ ಟೈಲರನ್ನು ಕಾಂಪ್ಲೆಕ್ಸಿಗೆ ವಾಪಸ್ ಕರೆತರುವುದು ಬಹಳ ಕಷ್ಟ. ಅಂಥದ್ದೇ ಒಂದು ಬೀದಿಯಲ್ಲಿ ಈಗ ಮನೆ ಹುಡುಕುತ್ತಿದ್ದೇವೆ. ಗ್ರೌಂಡ್ ಫ್ಲೋರೇ ಆಗಬೇಕು ಅನ್ನುವುದು ಅತ್ತೆಯ ಷರತ್ತು.